ಚಳಿಗಾಲದ ಪ್ರಯಾಣಕ್ಕೆ ಕುಟುಂಬದ ವಾಹನ: ಪಾಲನೆ ಮತ್ತು ಟೈರುಗಳ ಆಯ್ಕೆ

ರೋಣ, ನರಗುಂದ ಹಾಗೂ ಗಜೇಂದ್ರಗಡ ಭಾಗದ ವರ್ತಕ ಕುಟುಂಬಗಳಲ್ಲಿ ಸಾಮಾನ್ಯವಾಗಿ ಒಂದೇ ವಾಹನ ಎರಡು ದುಡಿಮೆ ಮಾಡುತ್ತದೆ. ವಾರದ ದಿನಗಳಲ್ಲಿ ಅಡತಿ ಅಂಗಡಿ, ಎ.ಪಿ.ಎಂ.ಸಿ. ಪ್ರಾಂಗಣ, ಬ್ಯಾಂಕು ಹಾಗೂ ಗದಗ, ಹುಬ್ಬಳ್ಳಿಯ ಸಗಟು ಪೇಟೆಗಳಿಗೆ ಓಡಾಡುವ ಕಾರು ರವಿವಾರ ಬಂದಿತೆಂದರೆ ಮನೆಮಂದಿಯನ್ನು ಹೊತ್ತು ಲಗ್ನಕ್ಕೋ ಜಾತ್ರೆಗೋ ಹೊರಡುತ್ತದೆ. ವರ್ಷದ ಉಳಿದ ಕಾಲಕ್ಕಿಂತ ಚಳಿಗಾಲದಲ್ಲಿ ಈ ಓಡಾಟ ಹೆಚ್ಚು. ಬ್ಯಾಡಗಿ ಮೆಣಸಿನಕಾಯಿ ಪೇಟೆ ಕಳೆಗಟ್ಟುವುದು, ಹಿಂಗಾರಿ ಕಡಲೆ ಹಾಗೂ ಬಿಳಿಜೋಳ ರಾಶಿಗೆ ಬರುವುದು, ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ನೆರೆಯುವುದು, ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜನ ಹೋಗುವುದು ಇವೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿಯೇ.

ಆದರೆ ವಾಹನದ ಟೈರುಗಳಲ್ಲಿ ಗಾಳಿ ಅತ್ಯಂತ ಕಡಿಮೆಯಾಗಿರುವುದೂ ಇದೇ ಋತುವಿನ ಬೆಳಗಿನ ಜಾವದಲ್ಲಿ. ಹೆಚ್ಚು ಭಾರ, ಹೆಚ್ಚು ದೂರ ಹಾಗೂ ಕಡಿಮೆ ಗಾಳಿ ಈ ಮೂರೂ ಒಂದೆಡೆ ಸೇರಿದಾಗ ಅಪಾಯ ಒದಗುತ್ತದೆ. ಈ ಹಿನ್ನೆಲೆಯಲ್ಲಿ ಚಳಿಗಾಲಕ್ಕೆ ಮುನ್ನ ವಾಹನವನ್ನು ಸಜ್ಜುಗೊಳಿಸುವ ಬಗೆ ಹಾಗೂ ಟೈರುಗಳನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿಮದ ನಾಡಿನ ಟೈರು ಇಲ್ಲಿಗೆ ಹೊಂದದು

ವಿದೇಶಗಳಲ್ಲಿ ‘ಚಳಿಗಾಲದ ಟೈರು’ ಎಂಬ ಪ್ರತ್ಯೇಕ ವರ್ಗವೇ ಇದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರುಗಳನ್ನು ಅಳವಡಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಅವಿಲ್ಲದೆ ವಾಹನ ಓಡಿಸುವಂತಿಲ್ಲ. ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಈ ಟೈರುಗಳ ಪಕ್ಕದಲ್ಲಿ ಅಚ್ಚಾಗಿರುತ್ತದೆ.

ಸಾಮಾನ್ಯ ಟೈರಿನ ರಬ್ಬರು ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬಿರುಸಾಗತೊಡಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಮೃದುವಾದುದರಿಂದ ಆ ಚಳಿಯಲ್ಲಿಯೂ ರಸ್ತೆಗೆ ಅಂಟಿಕೊಂಡಿರುತ್ತದೆ. ಗದಗ ಜಿಲ್ಲೆಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲಿದ್ದು, ಮಧ್ಯಾಹ್ನ 30 ಡಿಗ್ರಿ ಸಮೀಪಿಸುತ್ತದೆ. ಏಪ್ರಿಲ್‌ನಲ್ಲಿ ಅದು 38-40 ಡಿಗ್ರಿ ಮುಟ್ಟುತ್ತದೆ. ಇಂಥ ಹವೆಯಲ್ಲಿ ಮೃದು ರಬ್ಬರಿನ ಟೈರು ಬೇಗನೆ ಸವೆಯುವುದಲ್ಲದೆ ಬಿಸಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ವಾಹನ ನಿಲ್ಲುವ ದೂರವೂ ಹೆಚ್ಚುತ್ತದೆ. ಆದ್ದರಿಂದ ಈ ಭಾಗದಲ್ಲಿ ಚಳಿಗಾಲದ ಟೈರು ಆರಿಸುವುದೆಂದರೆ ಗಾಳಿಯ ಒತ್ತಡ, ಹಲ್ಲಿನ ಆಳ, ಭಾರದ ಮಿತಿ ಹಾಗೂ ವಯಸ್ಸು ಈ ನಾಲ್ಕರ ಪರೀಕ್ಷೆ ಎಂದೇ ತಿಳಿಯಬೇಕು.

ಚಳಿ ಮತ್ತು ಗಾಳಿಯ ಒತ್ತಡ

ಮುಚ್ಚಿದ ಪಾತ್ರೆಯಲ್ಲಿನ ಗಾಳಿ ತಣ್ಣಗಾದಂತೆ ಅದರ ಒತ್ತಡ ಇಳಿಯುತ್ತದೆ. ಟೈರಿಗೂ ಇದೇ ನಿಯಮ. ಉಷ್ಣಾಂಶ ಸುಮಾರು 6 ಡಿಗ್ರಿ ಇಳಿದರೆ ಕಾರಿನ ಟೈರಿನಲ್ಲಿ ಸುಮಾರು 1 ಪಿ.ಎಸ್.ಐ. ಒತ್ತಡ ಕಡಿಮೆಯಾಗುತ್ತದೆ. 38 ಡಿಗ್ರಿ ಉಷ್ಣಾಂಶದಲ್ಲಿ 33 ಪಿ.ಎಸ್.ಐ. ತೋರಿಸಿದ ಟೈರು, ಒಂದಿಷ್ಟೂ ಸೋರದಿದ್ದರೂ, 16 ಡಿಗ್ರಿಯಲ್ಲಿ 29ರಿಂದ 30 ಮಾತ್ರ ತೋರಿಸುತ್ತದೆ. ಇದಲ್ಲದೆ ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಸುಮಾರು 1 ಪಿ.ಎಸ್.ಐ.ಯಷ್ಟು ಗಾಳಿ ತಾನಾಗಿಯೇ ಹೊರಹೋಗುತ್ತದೆ.

ಹೆಚ್ಚಿನವರು ಮಾಡುವ ತಪ್ಪು ಗಾಳಿ ತುಂಬಿಸುವ ಹೊತ್ತಿನದು. ಹುಬ್ಬಳ್ಳಿಯಿಂದ ಬರುವಾಗ ದಾರಿಯ ಪೆಟ್ರೋಲ್ ಪಂಪಿನಲ್ಲಿ ಮಧ್ಯಾಹ್ನ ಗಾಳಿ ತುಂಬಿಸುವುದು ರೂಢಿ. ಆಗ ಓಡಿ ಬಂದ ಟೈರು ಬಿಸಿಯಾಗಿರುತ್ತದೆ. 50 ಡಿಗ್ರಿಯಷ್ಟು ಬಿಸಿಯಿರುವ ಟೈರಿಗೆ 33 ಪಿ.ಎಸ್.ಐ. ತುಂಬಿಸಿದರೆ, ಮರುದಿನ ಬೆಳಗಿನ 16 ಡಿಗ್ರಿ ಚಳಿಯಲ್ಲಿ ಅದರಲ್ಲಿ ಉಳಿಯುವುದು ಸುಮಾರು 28 ಮಾತ್ರ. ಮಾಲೀಕ ‘ನಿನ್ನೆಯಷ್ಟೇ ಗಾಳಿ ಹಾಕಿಸಿದ್ದೇನೆ’ ಎಂಬ ಭರವಸೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಸುಕಿನಲ್ಲಿ ಜಾತ್ರೆಗೆ ಹೊರಡುತ್ತಾನೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತವೆ. ಆ ಬಾಗುವಿಕೆಯಿಂದ ಒಳಗಿನ ಎಳೆಗಳು ಕಾಯುತ್ತವೆ, ರಬ್ಬರು ಮತ್ತು ಎಳೆಗಳ ಬೆಸುಗೆ ಸಡಿಲಗೊಳ್ಳುತ್ತದೆ, ಕೊನೆಗೆ ವೇಗದಲ್ಲಿ ಓಡುತ್ತಿರುವಾಗಲೇ ಟೈರು ಸಿಡಿಯುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಗಾಳಿ ಹೆಚ್ಚಾದದ್ದೇ ಕಾರಣವೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಗಾಳಿ ಕಡಿಮೆಯಿದ್ದು ಭಾರ ಹೆಚ್ಚಿದ್ದ ಟೈರೇ ಹೆಚ್ಚಾಗಿ ಸಿಡಿಯುತ್ತದೆ.

ಸರಿಯಾದ ಕ್ರಮ ಹೀಗಿದೆ. ವಾಹನ ಕನಿಷ್ಠ ಮೂರು ಗಂಟೆ ನಿಂತಿರುವಾಗ, ಅಂದರೆ ಬೆಳಿಗ್ಗೆ ಹೊರಡುವ ಮುನ್ನ, ಒತ್ತಡ ಅಳೆಯಬೇಕು. ಎಷ್ಟು ಇರಬೇಕೆಂಬುದನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿ ತಿಳಿಸುತ್ತದೆ. ಆ ಚೀಟಿಯಲ್ಲಿ ಕಡಿಮೆ ಭಾರಕ್ಕೆ ಒಂದು, ಪೂರ್ಣ ಭಾರಕ್ಕೆ ಇನ್ನೊಂದು ಅಂಕಿ ಇದ್ದರೆ ಕುಟುಂಬ ಸಮೇತ ಹೋಗುವಾಗ ಎರಡನೆಯದನ್ನು ಪಾಲಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡವು ಟೈರಿನ ಮಿತಿಯೇ ಹೊರತು ಆ ವಾಹನಕ್ಕೆ ತುಂಬಬೇಕಾದ ಪ್ರಮಾಣವಲ್ಲ. ಓಡುವಾಗ ಒತ್ತಡ ನಾಲ್ಕೈದು ಪಿ.ಎಸ್.ಐ. ಏರುವುದು ಸಹಜ. ಅದನ್ನು ಕಂಡು ಗಾಳಿ ಬಿಡಬಾರದು. ಕೈಯಲ್ಲಿ ಹಿಡಿಯುವ ಒತ್ತಡ ಮಾಪಕಕ್ಕೆ ಆಗುವ ಖರ್ಚು ಅಲ್ಪ. ಪ್ರತಿ ವಾಹನದಲ್ಲಿಯೂ ಒಂದಿರುವುದು ಒಳಿತು. ನೈಟ್ರೋಜನ್ ತುಂಬಿಸಿದರೂ ಈ ಪರೀಕ್ಷೆ ತಪ್ಪದು. ಸಾಮಾನ್ಯ ಗಾಳಿಯಲ್ಲಿಯೇ ಶೇ. 78ರಷ್ಟು ನೈಟ್ರೋಜನ್ ಇದೆ, ಮತ್ತು ತಣ್ಣಗಾದಾಗ ಎರಡರ ಒತ್ತಡವೂ ಒಂದೇ ರೀತಿ ಇಳಿಯುತ್ತದೆ.

ಟೈರಿನ ಮೇಲಿನ ಬರಹ ಓದುವ ಬಗೆ

ಸರಕಿನ ಚೀಲದ ಮೇಲಿನ ಗುರುತು ಓದಬಲ್ಲ ವರ್ತಕನಿಗೆ ಟೈರಿನ ಗುರುತು ಕಷ್ಟವೇನಲ್ಲ. ಉದಾಹರಣೆಗೆ 165/80 ಆರ್ 14 85 ಟಿ ಎಂದಿದ್ದರೆ, 165 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟೆಂಬುದು. ಇಲ್ಲಿ 132 ಮಿ.ಮೀ. ‘ಆರ್’ ಎಂದರೆ ರೇಡಿಯಲ್ ರಚನೆ, 14 ಎಂದರೆ ಚಕ್ರದ ವ್ಯಾಸ, ಇಂಚಿನಲ್ಲಿ. 85 ಭಾರದ ಸೂಚ್ಯಂಕ. ಒಂದು ಟೈರು 515 ಕೆ.ಜಿ. ಹೊರಬಲ್ಲದೆಂದು ಇದರ ಅರ್ಥ. ‘ಟಿ’ ಎಂದರೆ ಗರಿಷ್ಠ ವೇಗ ಗಂಟೆಗೆ 190 ಕಿ.ಮೀ. ಭಾರದ ಸೂಚ್ಯಂಕ 82 ಇದ್ದರೆ 475 ಕೆ.ಜಿ., 91 ಇದ್ದರೆ 615 ಕೆ.ಜಿ. ಈ ಭಾರಶಕ್ತಿ ನಿಗದಿತ ಒತ್ತಡದ ಗಾಳಿ ಇದ್ದಾಗ ಮಾತ್ರ. ಗಾಳಿ ಇಳಿದರೆ ಶಕ್ತಿಯೂ ಇಳಿಯುತ್ತದೆ.

ಇನ್ನೊಂದು ಮುಖ್ಯ ಗುರುತು ನಾಲ್ಕು ಅಂಕಿಗಳದು. 4824 ಎಂದಿದ್ದರೆ 2024ನೇ ಇಸವಿಯ 48ನೇ ವಾರದಲ್ಲಿ ತಯಾರಾದ ಟೈರೆಂದು ತಿಳಿಯಬೇಕು. ರಬ್ಬರು ಓಡದೆ ಇದ್ದರೂ ಬಿಸಿಲು ಮತ್ತು ಗಾಳಿಗೆ ಮುಪ್ಪಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಜ್ಞರಿಗೆ ತೋರಿಸಬೇಕು. ಪಕ್ಕದಲ್ಲಿ ಬಿರುಕು ಕಂಡರೆ ಹಲ್ಲು ಎಷ್ಟೇ ಉಳಿದಿರಲಿ, ಬದಲಾಯಿಸಬೇಕು. ಡಿಕ್ಕಿಯಲ್ಲಿ ಹಲವು ವರ್ಷ ಮಲಗಿದ್ದ ಸ್ಟೆಪ್ನಿಯನ್ನು ‘ಹೊಸದು’ ಎಂದು ಮುಂದಿನ ಚಕ್ರಕ್ಕೆ ಹಾಕಿಸುವವರು ಈ ಅಂಕಿಯನ್ನು ಮೊದಲು ನೋಡತಕ್ಕದ್ದು. ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ ಪರಿಶೀಲಿಸಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದಂತೆ ಭಾರತದಲ್ಲಿ ಮಾರಾಟವಾಗುವ ವಾಹನ ಟೈರುಗಳಿಗೆ ಭಾರತೀಯ ಮಾನಕ ಬ್ಯೂರೋದ ಪ್ರಮಾಣೀಕರಣ ಅವಶ್ಯ. ಕಾರಿನ ಟೈರಿಗೆ ಅನ್ವಯಿಸುವ ಮಾನಕ ಐ.ಎಸ್. 15633.

ಹಲ್ಲಿನ ಆಳ, ಅಂದರೆ ಟ್ರೆಡ್, ಕಾರುಗಳಿಗೆ ಕನಿಷ್ಠ 1.6 ಮಿ.ಮೀ. ಹಾಗೂ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ. ಇರಬೇಕೆಂದು ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 94ನೇ ನಿಯಮ ವಿಧಿಸುತ್ತದೆ. ಹಲ್ಲುಗಳ ನಡುವಿನ ಕಾಲುವೆಯಲ್ಲಿ ಅಡ್ಡಲಾಗಿ ಚಿಕ್ಕ ದಿಣ್ಣೆಗಳಿರುತ್ತವೆ. ಹಲ್ಲು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿದಂತೆ. ಕುಟುಂಬದ ಕಾರಿಗೆ ಕಾನೂನಿನ ಕೊನೆಯ ಅಂಚಿನವರೆಗೆ ಕಾಯದೆ ಸುಮಾರು 3 ಮಿ.ಮೀ. ಉಳಿದಾಗಲೇ ಹೊಸ ಟೈರಿನ ಯೋಚನೆ ಮಾಡುವುದು ಜಾಣತನ.

ಎರೆನಾಡಿನ ರಸ್ತೆಗೆ ಎಂಥ ಟೈರು?

ಈ ಮೂರೂ ತಾಲ್ಲೂಕುಗಳಲ್ಲಿ ಎರೆಮಣ್ಣು ವ್ಯಾಪಕವಾಗಿದೆ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ರಸ್ತೆ ಅಲೆಯಲೆಯಾಗಿ ಏರಿಳಿಯುವುದಕ್ಕೂ ಅಂಚುಗಳು ಮುರಿಯುವುದಕ್ಕೂ ಇದೇ ಮುಖ್ಯ ಕಾರಣ. ಅಕ್ಟೋಬರ್ ಮಳೆಯ ನಂತರ ಹೊಲದ ದಾರಿಯಿಂದ ಬರುವ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆಮಣ್ಣನ್ನು ಬಿಟ್ಟು ಹೋಗುತ್ತವೆ. ಇಬ್ಬನಿ ಬಿದ್ದಾಗ ಅದು ಎಣ್ಣೆ ಸವರಿದಂತೆ ಜಾರುತ್ತದೆ. ಹಳ್ಳಿಯ ದಾರಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನ ಕಾಟ ಬೇರೆ. ಇವೆಲ್ಲವನ್ನು ಗಮನದಲ್ಲಿಟ್ಟುಕೊಂಡು ಟೈರು ಆರಿಸುವವರಿಗೆ ಕೆಲವು ಸೂಚನೆಗಳು ಹೀಗಿವೆ.

1. ವಾಹನ ತಯಾರಕರು ಸೂಚಿಸಿದ ಅಳತೆಯನ್ನು ಬಿಡಬಾರದು. ಚೆಂದ ಕಾಣಲೆಂದು ಅಗಲವಾದ, ಪಕ್ಕದ ಎತ್ತರ ಕಡಿಮೆಯಿರುವ ಟೈರು ಹಾಕಿಸಿದರೆ ಗುಂಡಿಗೆ ಬಿದ್ದಾಗ ಪೆಟ್ಟು ನೇರವಾಗಿ ಚಕ್ರಕ್ಕೆ ತಗಲುತ್ತದೆ. ಒರಟು ರಸ್ತೆಗೆ ಎತ್ತರದ ಪಕ್ಕವೇ ಒಳಿತು.

2. ಭಾರದ ಸೂಚ್ಯಂಕವು ಮೂಲ ಟೈರಿನದಕ್ಕಿಂತ ಕಡಿಮೆ ಇರಬಾರದು. ಸಮನಾದ ಅಥವಾ ಹೆಚ್ಚಿನ ಸೂಚ್ಯಂಕವನ್ನೇ ಆರಿಸಬೇಕು.

3. ಉದ್ದನೆಯ ನೇರ ಕಾಲುವೆಗಳುಳ್ಳ ಹೆದ್ದಾರಿಯ ಟೈರು ಹೆಚ್ಚಿನ ಕುಟುಂಬಗಳಿಗೆ ಸಾಕು. ದಿನವೂ ಹೊಲದ ದಾರಿ ತುಳಿಯುವ ಜೀಪು ಮಾದರಿಯ ವಾಹನಗಳಿಗೆ ಮಾತ್ರ ದಪ್ಪ ಹಲ್ಲಿನ ಟೈರು ಉಪಯುಕ್ತ. ಡಾಂಬರಿನ ಮೇಲೆ ಅದು ಸದ್ದು ಮಾಡುತ್ತದೆ, ಇಂಧನವನ್ನೂ ಹೆಚ್ಚು ಬೇಡುತ್ತದೆ.

4. ಮುಳ್ಳು ಚುಚ್ಚಿದರೆ ಟ್ಯೂಬ್‌ಲೆಸ್ ಟೈರಿನಿಂದ ಗಾಳಿ ನಿಧಾನವಾಗಿ ಸೋರುವುದರಿಂದ ವಾಹನ ಹಿಡಿತದಲ್ಲಿರುತ್ತದೆ. ಆದರೆ ಈ ಗುಣವೇ ಮೋಸವನ್ನೂ ಮಾಡುತ್ತದೆ. ಒಳಗೆ ಮುರಿದ ಮುಳ್ಳಿನಿಂದ ದಿನಗಟ್ಟಲೆ ಗಾಳಿ ಇಳಿಯುತ್ತಿದ್ದರೂ ತಿಳಿಯುವುದಿಲ್ಲ. ಒಂದೇ ಚಕ್ರಕ್ಕೆ ಮತ್ತೆ ಮತ್ತೆ ಗಾಳಿ ಬೇಕಾದರೆ ಪಂಕ್ಚರ್ ಅಂಗಡಿಯಲ್ಲಿ ನೀರಿನಲ್ಲಿ ಮುಳುಗಿಸಿ ನೋಡಿಸಬೇಕು. ಟೈರಿನ ಪಕ್ಕಕ್ಕೆ ಆದ ಗಾಯಕ್ಕೆ ತೇಪೆ ಹಾಕಿಸಬಾರದು.

5. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ಎಳೆಗಳು ಕಡಿದಿವೆ ಎಂದರ್ಥ. ಅಂಥ ಟೈರನ್ನು ಅದೇ ದಿನ ತೆಗೆಸಬೇಕು.

6. ಎರಡೇ ಹೊಸ ಟೈರು ಕೊಂಡರೆ ಅವುಗಳನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಮುಂದಿನ ಟೈರು ಜಾರಿದರೆ ಚಾಲಕನಿಗೆ ಸ್ಟೇರಿಂಗ್‌ನಲ್ಲಿ ತಿಳಿಯುತ್ತದೆ, ವೇಗ ತಗ್ಗಿಸಿ ಸರಿಪಡಿಸಬಹುದು. ಹಿಂದಿನವು ಜಾರಿದರೆ ವಾಹನವೇ ಗಿರಕಿ ಹೊಡೆಯುತ್ತದೆ.

7. ರೀಟ್ರೆಡ್ ಮಾಡಿಸಿದ ಟೈರು ಲಾರಿಗಳ ಹಿಂದಿನ ಚಕ್ರಗಳಲ್ಲಿ ಉಳಿತಾಯದ ಮಾರ್ಗವಾಗಿದೆ. ಕುಟುಂಬದ ಕಾರಿಗೆ ಅದರ ಆಸೆ ಬೇಡ.

ಚೀಲದ ಭಾರ ಮತ್ತು ವಿಮೆಯ ಷರತ್ತು

ಸಾಧಾರಣ ಚಿಕ್ಕ ಕಾರೊಂದು ಚಾಲಕನೂ ಸೇರಿದಂತೆ ಸುಮಾರು 350ರಿಂದ 450 ಕೆ.ಜಿ. ಹೊರುವಂತೆ ರಚಿತವಾಗಿರುತ್ತದೆ. ತಲಾ 65 ಕೆ.ಜಿ.ಯ ಐವರು ಕುಳಿತರೆ 325 ಕೆ.ಜಿ. ಆಯಿತು. ಅದರ ಮೇಲೆ 50 ಕೆ.ಜಿ.ಯ ಮೂರು ಕಡಲೆ ಚೀಲ ಡಿಕ್ಕಿಗೆ ಸೇರಿದರೆ ಒಟ್ಟು 475 ಕೆ.ಜಿ. ಆಗುತ್ತದೆ. ಚೀಲಗಳ ಭಾರ ಬಹುಪಾಲು ಹಿಂದಿನ ಎರಡು ಟೈರುಗಳ ಮೇಲೆಯೇ ಬೀಳುತ್ತದೆ. ಮುಂದಿನ ಚಕ್ರಗಳು ಹಗುರಾಗಿ ತಿರುವಿನಲ್ಲಿ ಹಿಡಿತ ಸಡಿಲಗೊಳ್ಳುತ್ತದೆ, ದೀಪಗಳು ಮೇಲಕ್ಕೆ ಎದ್ದು ಎದುರಿನವನ ಕಣ್ಣಿಗೆ ಹೊಡೆಯುತ್ತವೆ.

ವರ್ತಕರು ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಷರತ್ತು ಇರುತ್ತದೆ. ಬಾಡಿಗೆಗೆ ಓಡಿಸುವುದು ಹಾಗೂ ಮಾದರಿ ಸರಕು ಮತ್ತು ಸ್ವಂತ ಸಾಮಾನು ಹೊರತುಪಡಿಸಿ ಇತರ ಸರಕು ಸಾಗಿಸುವುದು ಈ ಪಾಲಿಸಿಯ ವ್ಯಾಪ್ತಿಗೆ ಒಳಪಡುವುದಿಲ್ಲ. ಗಜೇಂದ್ರಗಡದ ನೇಕಾರ ಉದ್ದಿಮೆದಾರನು ತೋರಿಸಲೆಂದು ನಾಲ್ಕು ಸೀರೆ ಒಯ್ದರೆ ಅದು ಮಾದರಿ. ಮಾರಾಟದ ಗಂಟುಗಳನ್ನೇ ತುಂಬಿ ಒಯ್ದರೆ ಅದು ಸರಕು. ಅಂಥ ಪ್ರಯಾಣದಲ್ಲಿ ಅಪಘಾತವಾದರೆ ಕ್ಲೇಮು ತಿರಸ್ಕೃತವಾಗುವ ಅಥವಾ ಕಡಿತಗೊಳ್ಳುವ ಸಂಭವವಿದೆ. ಒಂದು ಖೇಪಿನ ಟೆಂಪೋ ಬಾಡಿಗೆ ಉಳಿಸಲು ಹೋಗಿ ಇಡೀ ಕಾರಿನ ಬೆಲೆ ಕಳೆದುಕೊಳ್ಳುವ ಈ ವ್ಯವಹಾರ ಯಾವ ಖಾತೆ ಪುಸ್ತಕದಲ್ಲಿಯೂ ಲಾಭವಾಗಿ ನಿಲ್ಲದು.

ರಾಶಿ ಕಾಲದ ರಸ್ತೆ

ಚಳಿಗಾಲದ ಕೊನೆಯಲ್ಲಿ ರೈತರು ಹುರುಳಿ, ಕಡಲೆ, ಜೋಳ ಮುಂತಾದವನ್ನು ರಸ್ತೆಯ ಮೇಲೆಯೇ ಹರಡಿ ವಾಹನಗಳಿಂದ ತುಳಿಸಿ ರಾಶಿ ಮಾಡುವುದುಂಟು. ಒಣ ಹೊಟ್ಟಿನ ಮೇಲೆ ಬ್ರೇಕ್ ಹಾಕಿದರೆ ಒಳ್ಳೆಯ ಟೈರೂ ಜಾರುತ್ತದೆ, ದ್ವಿಚಕ್ರ ವಾಹನಗಳಂತೂ ಉರುಳಿಯೇ ಬೀಳುತ್ತವೆ. ಉದ್ದನೆಯ ಬಳ್ಳಿಗಳು ಚಕ್ರದ ಅಚ್ಚಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ದಾಟಲೇಬೇಕಾದರೆ ಕಡಿಮೆ ವೇಗದಲ್ಲಿ, ಬ್ರೇಕ್ ಹಾಕದೆ, ನೇರವಾಗಿ ದಾಟಬೇಕು. ನಂತರ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ವಾಹನದ ಅಡಿ ಬಗ್ಗಿ ನೋಡಿ ಸಿಕ್ಕಿಕೊಂಡ ಹೊಟ್ಟನ್ನು ತೆಗೆಯಬೇಕು.

ಇದೇ ಕಾಲ ಕಬ್ಬು ಅರೆಯುವ ಹಂಗಾಮು. ನರಗುಂದದ ಮೂಲಕ ಹಾಯುವ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಕಬ್ಬಿನ ಹಾಗೂ ಮೇವಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಎದುರಾಗಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಕಂಡದ್ದನ್ನು ಮನಸ್ಸು ಗ್ರಹಿಸಿ ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಈ ದೂರ ಕಳೆದೇ ಹೋಗಿರುತ್ತದೆ. ಮಂಜು ಕವಿದ ನಸುಕಿನಲ್ಲಿ 40 ಕಿ.ಮೀ. ವೇಗ ಸಾಕು. ಅರ್ಧ ಗಂಟೆ ತಡವಾಗಿ ಹೊರಡುವುದು ಇನ್ನೂ ಒಳ್ಳೆಯದು.

ಟೈರಿನ ಹೊರತಾದ ಪಾಲನೆ

ಬ್ಯಾಟರಿಯ ಆಯುಷ್ಯವನ್ನು ಬೇಸಿಗೆಯ ಬಿಸಿ ತಿನ್ನುತ್ತದೆ; ಅದರ ಫಲ ಮಾತ್ರ ಚಳಿಗಾಲದ ಬೆಳಗಿನಲ್ಲಿ, ಎಂಜಿನ್ ಆಯಿಲ್ ಗಟ್ಟಿಯಾಗಿರುವಾಗ ಕಾಣಿಸುತ್ತದೆ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ನವೆಂಬರ್‌ನಲ್ಲಿಯೇ ಪರೀಕ್ಷೆ ಮಾಡಿಸಬೇಕು. ಈ ಭಾಗದ ಬೋರ್‌ವೆಲ್ ನೀರು ಬಹುತೇಕ ಕಡೆ ಗಡಸಾಗಿರುವುದರಿಂದ ಅದನ್ನು ರೇಡಿಯೇಟರಿಗೆ ಹಾಕಬಾರದು; ಒಳಗೆ ಸುಣ್ಣದಂಥ ಪದರು ಕಟ್ಟಿ ಎಂಜಿನ್ ಕಾಯುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನೇ ಬಳಸಬೇಕು. ರಾಶಿಯ ಹೊಟ್ಟು ಮತ್ತು ಎರೆಯ ಧೂಳಿಗೆ ಏರ್ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುವುದರಿಂದ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಸ್ವಚ್ಛಗೊಳಿಸಬೇಕು. ಧಾನ್ಯದ ಗೋದಾಮಿನ ಪಕ್ಕ ನಿಲ್ಲುವ ವಾಹನದ ವೈರುಗಳನ್ನು ಇಲಿಗಳು ಕಡಿಯುವುದುಂಟು. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದು ಒಳಿತು. ಚಕ್ರಗಳ ಅಲೈನ್‌ಮೆಂಟನ್ನು ಸುಮಾರು 5,000 ಕಿ.ಮೀ.ಗೊಮ್ಮೆ ಪರೀಕ್ಷಿಸಿ, ಟೈರುಗಳ ಸ್ಥಾನವನ್ನು 8,000ರಿಂದ 10,000 ಕಿ.ಮೀ.ಗೊಮ್ಮೆ ಬದಲಿಸಬೇಕು.

ಖರ್ಚಿನ ಲೆಕ್ಕ

ಒಂದು ಟೈರಿಗೆ 5,000 ರೂ. ಎಂದು ಹಿಡಿದರೆ ನಾಲ್ಕಕ್ಕೆ 20,000 ರೂ. ಅವು 40,000 ಕಿ.ಮೀ. ಬಂದರೆ ಕಿಲೋಮೀಟರಿಗೆ 50 ಪೈಸೆ ತಗಲಿದಂತೆ. ಗಾಳಿ ಮತ್ತು ಅಲೈನ್‌ಮೆಂಟ್ ಅಲಕ್ಷಿಸಿ 30,000 ಕಿ.ಮೀ.ಗೇ ಸವೆದರೆ ಸುಮಾರು 67 ಪೈಸೆ. 40,000 ಕಿ.ಮೀ. ಓಡುವಷ್ಟರಲ್ಲಿ ಸುಮಾರು 6,700 ರೂ. ಹೆಚ್ಚಿನ ಹೊರೆ, ಹೆಚ್ಚು ಸುಟ್ಟ ಇಂಧನ ಇದಕ್ಕೆ ಬೇರೆ.

ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆಗೆ ಮುನ್ನ 4,000 ರೂ. ಬೆಲೆಯ ಟೈರು ಮೊದಲು 5,120 ರೂ. ಆಗುತ್ತಿದ್ದುದು ಈಗ 4,720 ರೂ. ಆಗುತ್ತದೆ. ಬಿಲ್ಲು ಪಡೆಯುವಾಗ ಈ ದರವನ್ನು ಪರಿಶೀಲಿಸಬೇಕು. ಚಾಲಕನೂ ಸೇರಿ 13 ಜನರವರೆಗೆ ಕೂರುವ ಪ್ರಯಾಣಿಕ ವಾಹನದ ಖರೀದಿ, ವಿಮೆ ಹಾಗೂ ದುರಸ್ತಿ ಸೇವೆಗಳ ಮೇಲೆ ಸಾಮಾನ್ಯ ವ್ಯಾಪಾರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಆದುದರಿಂದ ಕುಟುಂಬದ ಕಾರಿನ ಖರ್ಚನ್ನು ಅಂಗಡಿಯ ಖಾತೆಗೆ ಹಾಕುವ ಮುನ್ನ ತೆರಿಗೆ ಸಲಹೆಗಾರರನ್ನು ಕೇಳುವುದು ಉಚಿತ.

ಖಂಡೆ ಪೂಜೆಯ ದಿನವೇ ಆರಂಭವಾಗಲಿ

ಮಹಾನವಮಿಯ ಖಂಡೆ ಪೂಜೆಯಂದು ಪ್ರತಿ ಅಂಗಡಿ, ಮಗ್ಗ, ಗಿರಣಿಯವರೂ ತಮ್ಮ ವಾಹನ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂಮಾಲೆ ಹಾಕುವ ಪದ್ಧತಿಯಿದೆ. ಚಳಿಗಾಲ ಇನ್ನೇನು ಆರಂಭವಾಗುವ ಕಾಲವದು. ಚಕ್ರಕ್ಕೆ ನಿಂಬೆಹಣ್ಣು ಇಡುವ ಕೈ ಅದೇ ಹೊತ್ತಿಗೆ ಹಲ್ಲಿನ ಆಳ, ಪಕ್ಕದ ಬಿರುಕು, ತಯಾರಿಕೆಯ ವರ್ಷ ಮತ್ತು ಸ್ಟೆಪ್ನಿಯ ಗಾಳಿಯನ್ನೂ ನೋಡಿದರೆ ಪೂಜೆ ಪೂರ್ಣವಾದಂತೆ. ಬಳಿಕ ಯುಗಾದಿಯವರೆಗೆ ಹದಿನೈದು ದಿನಗಳಿಗೊಮ್ಮೆ ಹಾಗೂ ಪ್ರತಿ ದೂರ ಪ್ರಯಾಣದ ಬೆಳಿಗ್ಗೆ ತಣ್ಣಗಿನ ಟೈರಿನ ಒತ್ತಡ ಅಳೆದು, ಅಂಕಿಯನ್ನು ಚಿಕ್ಕ ಪುಸ್ತಕದಲ್ಲಿ ಬರೆದಿಡಬೇಕು. ಹಿಂದಿನ ಆಸನದವರಿಗೂ ಬೆಲ್ಟ್ ಕಡ್ಡಾಯವೆಂಬುದನ್ನು ಮರೆಯಬಾರದು.

ದಿನದ ರೋಕಡಿ ಒಂದು ರೂಪಾಯಿ ತಾಳೆಯಾಗದಿದ್ದರೆ ಅಂಗಡಿ ಮುಚ್ಚದೆ ಹುಡುಕುವುದು ವರ್ತಕರ ಗುಣ. ನಾಲ್ಕು ಚಕ್ರಗಳಲ್ಲಿ ಐದು ಪಿ.ಎಸ್.ಐ. ಗಾಳಿ ತಾಳೆಯಾಗದಿದ್ದಾಗಲೂ ಅದೇ ಎಚ್ಚರ ಅವಶ್ಯ. ಏಕೆಂದರೆ ಆ ಚಕ್ರಗಳ ಮೇಲೆ ಕುಳಿತಿರುವುದು ಅವರ ಸ್ವಂತ ಮನೆತನ.